ದಣಿವು ಯಾರ ಖಾತೆಗೆ

ಗಂಡನ ಮನೆ ಬಿಟ್ಟು ಬಂದವಳ ಎದುರಿಗೆ ನಮ್ಮ ಗುತ್ತಲದಲ್ಲಿ ಯಾರೂ ಕೆಟ್ಟ ಮಾತಾಡುವುದಿಲ್ಲ. ಆಡುವುದು ಒಂದೇ ಮಾತು: 'ಇನ್ನೊಂದೀಟು ತಾಳಿದ್ರ ಆಗ್ತಿತ್ತಲ್ಲವಾ.' ಅದರಲ್ಲಿ ಆಕ್ಷೇಪಕ್ಕಿಂತ ಮರುಕವೇ ಹೆಚ್ಚು. ಹಾಗೆಂದ ಹಿರಿಯರೊಬ್ಬರು, ನಾನು ಸೈಕಲ್ ಮೇಲೆ ಒಂದೇ ದಿನದಲ್ಲಿ ಇನ್ನೂರು ಕಿಲೋಮೀಟರ್ ಹೋಗಿಬಂದ ಸುದ್ದಿ ತಿಳಿದ ಮೇಲೆ, ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೇಳಿದರು: 'ದಿನಗಟ್ಟಲೆ ಬಿಸಲು ಗಾಳಿ ತಾಳ್ತಿ. ಅದೊಂದನ್ಯಾಕ ತಾಳಲಿಲ್ಲ?' ಕೂತಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ನಗೆಯ ಜೊತೆಗೇ ಮುಗಿದುಹೋಗಬೇಕಾಗಿದ್ದ ಆ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು. ಅದು ಸರಿಯಾದ ಪ್ರಶ್ನೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಸುಲಭದ ಉತ್ತರಗಳು ನನ್ನ ಬಳಿ ಇರಲಿಲ್ಲ. ಗಂಡ ಹೊಡೆಯುತ್ತಿದ್ದ, ಕುಡಿಯುತ್ತಿದ್ದ, ತವರಿನಿಂದ ಹಣ ತಾ ಎನ್ನುತ್ತಿದ್ದ ಎಂದಿದ್ದರೆ ಊರು ತಲೆದೂಗಿ ಸುಮ್ಮನಾಗುತ್ತಿತ್ತು. ಅಂಥದ್ದೇನೂ ನಡೆದಿರಲಿಲ್ಲ. ಇಬ್ಬರೂ ಓದಿದವರು, ಇಬ್ಬರೂ ಮೆಲುದನಿಯವರು, ಇಬ್ಬರೂ ಒಬ್ಬರನ್ನೊಬ್ಬರು ವರ್ಷಗಟ್ಟಲೆ ತಾಳಿಕೊಂಡವರು. ಕೊನೆಗೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜೊತೆಯಾಗಿಯೇ ಅರ್ಜಿ ಹಾಕಿದೆವು. 1955ರ ಮೂಲ ಕಾಯ್ದೆಯಲ್ಲಿ ಈ ದಾರಿ ಇರಲಿಲ್ಲ. ಅಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ತೋರಿಸಲೇಬೇಕಿತ್ತು. 1976ರ ತಿದ್ದುಪಡಿಯೇ ಪರಸ್ಪರ ಒಪ್ಪಿಗೆಯ ಬಿಡುಗಡೆಯನ್ನು ತಂದದ್ದು. ಒಂದು ವರ್ಷವಾದರೂ ಬೇರೆಯಾಗಿ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಸಂದರ್ಭ ನೋಡಿ ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಾವು ಮನ್ನಾ ಕೇಳಲಿಲ್ಲ. ಕಾಯುವುದು ನಮ್ಮಿಬ್ಬರಿಗೂ ಚೆನ್ನಾಗಿ ಬರುತ್ತಿತ್ತು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ವಿಚ್ಛೇದನದ ಕಾಗದವಿಲ್ಲದೆ ಬೇರೆಯಾಗಿ ಬಾಳುತ್ತಿರುವವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು, ಸುಮಾರು 35 ಲಕ್ಷ. ನಮ್ಮ ಸೀಮೆಯಲ್ಲಿ ನಾನು ಕಣ್ಣಾರೆ ಕಂಡದ್ದೂ ಇದೇ ಪ್ರಮಾಣವನ್ನು. ತವರಿನ ಹಿತ್ತಲ ಕೋಣೆಯಲ್ಲಿ, ಅಣ್ಣನ ಮಕ್ಕಳಿಗೆ ತಲೆ ಬಾಚುತ್ತ, ಎಲ್ಲಿಗೂ ಸೇರದೆ ಉಳಿದುಬಿಟ್ಟ ಹೆಂಗಸರು ಓಣಿಗೊಬ್ಬರು ಸಿಗುತ್ತಾರೆ. ಹಿಂದೆ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಮದುವೆ ಬಿಡಿಸುವ ಸೋಡಚೀಟಿಯೂ ಇತ್ತು, ಬಿಟ್ಟವಳಿಗೆ ಉಡಿಕಿಯ ಮದುವೆಯೂ ಇತ್ತು. ಮರ್ಯಾದಸ್ಥರಾಗುವ ಅವಸರದಲ್ಲಿ ಆ ಬಾಗಿಲುಗಳನ್ನು ನಾವೇ ಮುಚ್ಚಿಕೊಂಡೆವು. ಗುತ್ತಲವಂತೂ ವಂಶದ ಅಭಿಮಾನಕ್ಕೆ ಹಳೆಯ ಹೆಸರು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿದ ಗುತ್ತ ಅರಸರು, ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದುಕೊಂಡೇ, ತಾವು ಉಜ್ಜಯಿನಿಯ ವಿಕ್ರಮಾದಿತ್ಯನ ಕುಲದವರೆಂದು ಶಾಸನಗಳಲ್ಲಿ ಬರೆಸಿಕೊಂಡರು. ಮನೆತನದ ಹೆಸರನ್ನು ಕಲ್ಲಿನಲ್ಲಿ ಕೊರೆಸುವ ಊರಿನಲ್ಲಿ ಮರಳಿ ಬಂದ ಮಗಳು ಎಲ್ಲಿ ನಿಲ್ಲಬೇಕು?

ನಾನು ಸೈಕಲ್ ಹತ್ತಿದ್ದು ಯಾವ ಸಂಕಲ್ಪದಿಂದಲೂ ಅಲ್ಲ. ಮನೆಯೊಳಗೆ ನಿಲ್ಲಲಾಗದ ಸಂಜೆಗಳಿದ್ದವು. ಬಂದವರೆಲ್ಲ ನನ್ನನ್ನು ಕಂಡೊಡನೆ ದನಿ ತಗ್ಗಿಸುತ್ತಿದ್ದರು. ತಮ್ಮನ ಹಳೆಯ ಸೈಕಲ್ ಪಡಸಾಲೆಯಲ್ಲಿತ್ತು, ಎತ್ತಿಕೊಂಡು ಹೊರಟೆ. ಹುಡುಗಿಯರು ಸೈಕಲ್ ಹೊಡೆಯುವುದು ಇಲ್ಲಿ ಹೊಸದೇನಲ್ಲ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದ ಮೇಲೆ ಹಳ್ಳಿಹಳ್ಳಿಯಿಂದ ಗುಂಪುಗುಂಪಾಗಿ ಶಾಲೆಗೆ ಬರುವ ಹುಡುಗಿಯರನ್ನು ಊರು ನೋಡಿದೆ. ಆದರೆ ಹುಡುಗಿ ದೊಡ್ಡವಳಾದಂತೆ ಆ ಸೈಕಲ್ ಅಪ್ಪನಿಗೋ ತಮ್ಮನಿಗೋ ಸೇರುತ್ತದೆ. ಮದುವೆಯಾಗಿ ಮರಳಿದ ಹೆಂಗಸೊಬ್ಬಳು ಹಾಲಿಗೂ ಹೋಗದೆ, ಹಿಟ್ಟಿಗೂ ಹೋಗದೆ, ಸುಮ್ಮನೆ ಚೌಡದಾನಪುರದವರೆಗೆ ತುಳಿದು ಬರುವುದು ಮಾತ್ರ ಹೊಸದು. ಅಲ್ಲಿ ತುಂಗಭದ್ರೆಯ ದಡದಲ್ಲಿ ಮುಕ್ತೇಶ್ವರನ ಗುಡಿ ಇದೆ. ಶರಣರಲ್ಲೇ ಅತಿ ನೇರ ನಾಲಿಗೆಯ ಅಂಬಿಗರ ಚೌಡಯ್ಯನ ಸಮಾಧಿಯೂ ಅಲ್ಲೇ ಇದೆ. ನಾನು ಭಕ್ತಿಯಿಂದ ಹೋದವಳೆಂದು ಹೇಳಲಾರೆ. ಹೊಳೆ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಅಷ್ಟೇ. ಕತ್ತಲಾಗುವಷ್ಟರಲ್ಲಿ ಹಿಂದಿರುಗಿದಾಗ ಹಸಿವಾಗಿರುತ್ತಿತ್ತು. ಬಹಳ ಕಾಲದ ಮೇಲೆ ನನಗೆ ಹಸಿವಾಗುತ್ತಿದ್ದುದು ಹಾಗೆ.

ಹಾವೇರಿ ಸೀಮೆಯ ಆಟವೆಂದರೆ ಹೋರಿ ಬೆದರಿಸುವುದು. ದೀಪಾವಳಿಯ ನಂತರ ಕೊಬ್ಬರಿಯ ಸರ ಕಟ್ಟಿದ ಹೋರಿ ಜನದ ನಡುವೆ ನುಗ್ಗಿ ಹೋಗುವುದು ಕೆಲವೇ ಕ್ಷಣ. ಯಾರ ಕೈಗೂ ಸಿಗದ ಹೋರಿ ಗೆದ್ದಿತು. ಅಂಥ ಕ್ಷಣದ ಆಟಕ್ಕೆ ಒಗ್ಗಿದವರಿಗೆ ಇಡೀ ದಿನ ನಿಧಾನವಾಗಿ ಸೈಕಲ್ ತುಳಿಯುವುದು ಆಟವೆಂದು ಅರ್ಥಮಾಡಿಸುವುದು ಕಷ್ಟ. ಅದರಲ್ಲೂ 'ಬ್ರೆವೆ' ಎಂಬ ದೂರದ ಸವಾರಿಯಲ್ಲಿ ಗೆದ್ದವರೇ ಇರುವುದಿಲ್ಲ. ಪ್ಯಾರಿಸ್ಸಿನಲ್ಲಿ 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ಬಿನ ನಿಯಮಗಳಡಿ ಈಗ ಲೋಕದ ಎಲ್ಲೆಡೆ ಇವು ನಡೆಯುತ್ತವೆ; ನಮ್ಮ ಹುಬ್ಬಳ್ಳಿಯಿಂದಲೂ ಹೊರಡುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ ಇಪ್ಪತ್ತು, 400ಕ್ಕೆ ಇಪ್ಪತ್ತೇಳು, 600ಕ್ಕೆ ನಲವತ್ತು. ನಡುನಡುವೆ ಕೆಲವು ತಾಣಗಳಲ್ಲಿ ನಿಗದಿತ ಹೊತ್ತಿನೊಳಗೆ ಚೀಟಿಗೆ ಮುದ್ರೆ ಬೀಳಬೇಕು. ಮೊದಲು ಬಂದವನಿಗೂ ಕೊನೆಯ ನಿಮಿಷದಲ್ಲಿ ಬಂದವಳಿಗೂ ಒಂದೇ ಮನ್ನಣೆ. ದಾರಿಯಲ್ಲಿ ಚಕ್ರ ತೂತಾದರೆ ನೀವೇ ಸರಿಪಡಿಸಿಕೊಳ್ಳಬೇಕು. ಇನ್ನಾಗದು ಎನಿಸಿದರೆ ಸಂಘಟಕರಿಗೆ ಒಂದು ಫೋನ್ ಮಾಡಿ ಬಸ್ಸು ಹತ್ತಬಹುದು. ಯಾರೂ ಕಾರಣ ಕೇಳುವುದಿಲ್ಲ.

ಈ ಆಟಕ್ಕೆ ಬಂದಾಗ ನನ್ನಲ್ಲೊಂದು ಗುಪ್ತ ಅಹಂಕಾರವಿತ್ತು. ತಾಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಮಾತು ನುಂಗುವುದು, ಹಸಿದಿದ್ದರೂ ಹಸಿದೆನೆನ್ನದಿರುವುದು, ದಣಿದಿದ್ದರೂ ಎದ್ದು ನಿಲ್ಲುವುದು ನನ್ನ ವಿದ್ಯೆಯಾಗಿತ್ತು. ಈ ವಿದ್ಯೆಗೆ ಅಲ್ಲಿ ಕವಡೆಯ ಬೆಲೆಯೂ ಇಲ್ಲವೆಂದು ಬಹಳ ಬೇಗ ಗೊತ್ತಾಯಿತು. ದೂರ ತುಳಿಯುವವರ ಗುರುವೆನಿಸಿದ ಫ್ರಾನ್ಸಿನ ಪಾಲ್ ದ ವಿವಿ, ಹಸಿವಾಗುವ ಮುಂಚೆ ತಿನ್ನಬೇಕು, ನೀರಡಿಕೆಯಾಗುವ ಮುಂಚೆ ಕುಡಿಯಬೇಕು ಎಂದು ಕಲಿಸಿದವನು. ಅದರ ಹಿಂದೆ ದೇಹದ ಸರಳ ಲೆಕ್ಕವಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಜೋರಿನ ದುಡಿಮೆಗೆ ಒಂದೆರಡು ತಾಸಿಗಷ್ಟೇ ಸಾಕು. ಆಮೇಲೆ ಏನನ್ನೂ ತಿನ್ನದೆ ಹಲ್ಲು ಕಚ್ಚಿದರೆ ಕಾಲು ನಿಲ್ಲುತ್ತದೆ, ತಲೆ ಮಂಜಾಗುತ್ತದೆ. ಹಲ್ಲು ಕಚ್ಚಿದವರನ್ನು ಇಲ್ಲಿ ಯಾರೂ ಹೊಗಳುವುದಿಲ್ಲ, 'ಯಾಕ್ರೀ ಉಣಲಿಲ್ಲ?' ಎಂದು ಬೈಯುತ್ತಾರೆ. ಅನುಭವಿಗಳ ಕಿಸೆಯಲ್ಲಿ ಶೇಂಗಾದ ಉಂಡೆಯಿರುತ್ತದೆ, ಅವರು ಕೇಳದೆಯೇ ಕೈಗಿಡುತ್ತಾರೆ. ತಾಳಿಕೆಯೆಂದರೆ ಕೊನೆಯವರೆಗೂ ಬೇಡಿಕೆಯಿಡದಿರುವುದು ಎಂದು ನಮ್ಮ ಮನೆಗಳು ನನಗೆ ಕಲಿಸಿದ್ದವು. ಇಲ್ಲಿ ಅದೇ ಹೆಸರಿನ ಗುಣ ಬೇರೆ ಕುಲದ್ದಾಗಿತ್ತು. ಕುಸಿಯುವುದಕ್ಕೆ ಮೊದಲೇ ತನ್ನ ಅಗತ್ಯವನ್ನು ತಾನು ತಿಳಿಯುವುದು, ತಿಳಿದದ್ದನ್ನು ಬಾಯಿಬಿಟ್ಟು ಹೇಳುವುದು, ಮುಜುಗರವಿಲ್ಲದೆ ತೆಗೆದುಕೊಳ್ಳುವುದು ಎಲ್ಲ ಅದರಲ್ಲಿ ಸೇರಿದ್ದವು.

ಇಷ್ಟು ಹೊಳೆದದ್ದೇ ಸಾಕಾಗಿತ್ತು ಎನ್ನಬಹುದು. ಆದರೆ ಕಟ್ಟೆಯ ಹಿರಿಯರ ಪ್ರಶ್ನೆಗೆ ಇದು ಅರ್ಧ ಉತ್ತರ. ಉಳಿದರ್ಧ ಸಿಕ್ಕಿದ್ದು ಆಷಾಢದ ಗಾಳಿಯಲ್ಲಿ.

ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ರಾಣೆಬೆನ್ನೂರಿನ ಕಡೆಗೆ ಹೋಗಿ ಅದೇ ದಾರಿಯಲ್ಲಿ ಮರಳುವ ಸವಾರಿ ಅದು. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ತಾನು ಬಲು ಗಟ್ಟಿಗಳೆಂಬ ಭ್ರಮೆ ಹುಟ್ಟಿಸುತ್ತದೆ. ಮರಳುವಾಗ ಮೋಟೆಬೆನ್ನೂರು ದಾಟಿ, ಹಾವೇರಿ ದಾಟಿ, ಬಂಕಾಪುರದ ಬಯಲಿಗೆ ಬಂದರೆ ಪಡುವಣದಿಂದ ಬೀಸುವ ಗಾಳಿಗೆ ಅಡ್ಡವೇ ಇಲ್ಲ. ತುಳಿದಷ್ಟೂ ದಾರಿ ಸರಿಯದು. ಅಂಥ ಹೊತ್ತಿನಲ್ಲಿ ಮನಸ್ಸು ತನ್ನ ಹಳೆಯ ಜಾಡಿಗೆ ಇಳಿಯುತ್ತದೆ. ನನ್ನ ಮನಸ್ಸು ಇಳಿದದ್ದು ನನಗೆ ಚಿರಪರಿಚಿತವಾದ ಒಂದು ಮಾತಿಗೆ. 'ಇಷ್ಟೆಲ್ಲ ತಾಳಿಕೊಂಡೆನಲ್ಲ' ಎಂಬ ಮಾತದು. ಮದುವೆಯ ವರ್ಷಗಳಲ್ಲಿ ಒಲೆಯ ಮುಂದೆ, ಬಸ್ಸಿನಲ್ಲಿ, ನಿದ್ದೆ ಬಾರದ ರಾತ್ರಿಗಳಲ್ಲಿ ನನ್ನೊಳಗೆ ಅದೇ ನಡೆದಿರುತ್ತಿತ್ತು. ಆ ದಿನವೂ ಅದು ತಾನಾಗಿಯೇ ಶುರುವಾಯಿತು. ಶುರುವಾಗಿ, ಎರಡು ಸುತ್ತು ಬಂದು, ನಿಂತಿತು. ಮುಂದುವರಿಯಲು ಅದಕ್ಕೆ ಕೇಳುವವರು ಬೇಕಿತ್ತು. ಗಾಳಿಗೆ ನನ್ನ ಯಾವ ಋಣವೂ ಇರಲಿಲ್ಲ. ಈ ದಾರಿಗೆ ನನ್ನನ್ನು ಯಾರೂ ಕಳಿಸಿರಲಿಲ್ಲ, ದಾರಿಯ ಕೊನೆಯಲ್ಲಿ ಯಾರೂ ನನಗೆ ಏನನ್ನೂ ಮರಳಿಸಬೇಕಾಗಿರಲಿಲ್ಲ. ದಣಿವು ಮಾತ್ರ ಇತ್ತು, ಅದನ್ನು ಬರೆದಿಡಬೇಕಾದ ಖಾತೆ ಇರಲಿಲ್ಲ.

ನಾನು ಪದವಿಪೂರ್ವ ಮಕ್ಕಳಿಗೆ ಲೆಕ್ಕಶಾಸ್ತ್ರ ಕಲಿಸುವವಳು. ನನ್ನ ತಂದೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಖಾತೆ ಬರೆದು ನಮ್ಮನ್ನು ಸಾಕಿದವರು. ಸೋಮವಾರ, ಗುರುವಾರ ವಹಿವಾಟು ನಡೆದಾಗ ಕೆಂಪು ರಾಶಿಗಳ ನಡುವೆ ಕೂತು, ಕೆಮ್ಮುತ್ತ, ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಎಷ್ಟು ಬಾಕಿ ಉಳಿದಿದೆ ಎಂದು ಅವರು ನಮೂದಿಸುತ್ತಿದ್ದರು. ಹಾಗಾಗಿ ನನಗೆ ಬಂದ ಉಪಮೆಯೂ ನನ್ನ ಮನೆಯದೇ. ನಮ್ಮ ದಾಂಪತ್ಯ ಒಂದು ಉದ್ರಿ ಖಾತೆಯಾಗಿತ್ತು. ತಾಳಿಕೊಂಡ ಪ್ರತಿಯೊಂದನ್ನೂ ನಾನು ನನ್ನ ಹೆಸರಿನಲ್ಲಿ ಜಮಾ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಗಂಡ ಎಲ್ಲವನ್ನೂ ಬಡ್ಡಿಸಮೇತ ತೀರಿಸುತ್ತಾರೆ ಎಂದು ನಂಬಿದ್ದೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲೂಕಾ ಪಾಚೋಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯ ಮೂಲ ನಿಯಮವನ್ನು ನಾನು ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಹೇಳುತ್ತೇನೆ: ಒಂದು ಕಡೆ ಜಮಾ ಬಿದ್ದರೆ ಇನ್ನೊಂದು ಕಡೆ ಅಷ್ಟೇ ಖರ್ಚು ಬೀಳಬೇಕು, ಎರಡನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ನಮ್ಮ ಮನೆಯಲ್ಲಿ ಎರಡು ಪುಸ್ತಕಗಳಿದ್ದವು. ಅವರ ಪುಸ್ತಕದಲ್ಲೂ ಬರೀ ಜಮಾ ಇದ್ದಿರಬೇಕು. ನನ್ನ ಮೌನವನ್ನು, ನನ್ನ ಅಚ್ಚುಕಟ್ಟನ್ನು, ಯಾವುದಕ್ಕೂ ಬೇಡವೆನ್ನದ ನನ್ನ ಒಳ್ಳೆಯತನವನ್ನು ಅವರು ಎಷ್ಟು ತಾಳಿಕೊಂಡರೆಂಬುದು ಅಲ್ಲಿ ದಾಖಲಾಗಿರಬೇಕು. ಇಬ್ಬರೂ ಸಾಲ ಕೊಟ್ಟವರೇ ಆಗಿದ್ದ ಮನೆಯಲ್ಲಿ ತೀರಿಸುವವರು ಯಾರು?

ನಾನು ತಾಳಲಾರದೆ ಬಂದೆ ಎಂದು ಊರು ತಿಳಿದಿದೆ. ನನಗೆ ಈಗ ತೋರುವುದು ಬೇರೆ. ತಾಳಿದ್ದು ಹೆಚ್ಚಾಯಿತು, ಮತ್ತು ತಾಳಿದ್ದೆಲ್ಲ ಇನ್ನೊಬ್ಬರ ಲೆಕ್ಕಕ್ಕೆ ಬಿತ್ತು. ಒಬ್ಬರ ಸಹನೆ ಇನ್ನೊಬ್ಬರಿಗೆ ಸಾಲವಾಗಿ ಕಂಡ ಗಳಿಗೆಯಲ್ಲೇ ಅದರೊಳಗಿನ ಪ್ರೀತಿ ಬತ್ತಿಹೋಗುತ್ತದೆ. ಸಾಲಗಾರನಿಗೆ ಕೊಟ್ಟವನ ಮುಖ ನೋಡುವುದು ಕಷ್ಟ. ಕೊಟ್ಟವನಿಗೆ ಸಾಲಗಾರನ ಮುಖದಲ್ಲಿ ಬಾಕಿಯ ಹೊರತು ಬೇರೇನೂ ಕಾಣದು.

ಈ ತೀರ್ಮಾನ ನನಗೆ ಅನುಕೂಲವಾಗಿದೆ ಎಂಬ ಕಾರಣಕ್ಕೇ ನಾನು ಅದನ್ನು ಶಂಕಿಸಬೇಕಾಯಿತು. ಹೊರಬಂದವಳು ಹೊರಬರುವುದಕ್ಕೆ ತತ್ತ್ವ ಕಟ್ಟಿಕೊಳ್ಳುವುದು ಸಹಜ. ಬ್ರೆವೆಯಲ್ಲಿ ಬಿಟ್ಟುಬಿಡುವ ಹಕ್ಕು ನಿಯಮದಲ್ಲೇ ಇದೆ. ಆದ್ದರಿಂದ ಮುಂದುವರಿಯುವುದು ಪ್ರತಿ ತಾಣದಲ್ಲೂ ಹೊಸದಾಗಿ ಆಯ್ದುಕೊಂಡದ್ದಾಗುತ್ತದೆ. ಇದು ಸರಿ. ಆದರೆ ಮದುವೆಯನ್ನು, ತಾಯ್ತನವನ್ನು, ಯಾವುದೇ ಘನವಾದ ಮಾತನ್ನು ಹೀಗೆ ತಾಣತಾಣಕ್ಕೂ ಮರುಪರಿಶೀಲಿಸುತ್ತ ಬಾಳಲಾಗುವುದೇ? ಮಾತು ಕೊಡುವುದೆಂದರೆ ಮನಸ್ಸಿಲ್ಲದ ದಿನವೂ ನಿಲ್ಲುತ್ತೇನೆ ಎಂದು ಒಪ್ಪುವುದು. ಬಸ್ಸು ಹತ್ತಿ ಮನೆಗೆ ಹೋಗುವ ದಾರಿ ತೆರೆದಿರುವ ದಣಿವು ದಣಿವೇ ಅಲ್ಲ ಎಂದು ಯಾರಾದರೂ ಹೇಳಿದರೆ ನನ್ನಲ್ಲಿ ತಕ್ಷಣದ ಉತ್ತರವಿಲ್ಲ.

ಇದನ್ನು ಯೋಚಿಸುವಾಗ ನನಗೆ ನಮ್ಮದೇ ಸೀಮೆಯ ಒಂದು ಜೋಡಿ ನೆನಪಿಗೆ ಬರುತ್ತದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಾಂಡಿಗೆ ನಡೆದರು. ಸಾಬರಮತಿಯಿಂದ ಕಡಲ ತಡಿಯವರೆಗೆ ಸುಮಾರು 385 ಕಿ.ಮೀ., 24 ದಿನ. ಆಯ್ಕೆಯಾದ ಸತ್ಯಾಗ್ರಹಿಗಳ ತಂಡದಲ್ಲಿ ಕರ್ನಾಟಕದವರು ಅವರೊಬ್ಬರೇ. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವರ ಪತ್ನಿ ಸಿದ್ಧಮ್ಮನವರೂ ಚಳವಳಿಗೆ ಧುಮುಕಿ ಸೆರೆಮನೆ ಕಂಡವರು. 1943ರ ಏಪ್ರಿಲ್ 1ರಂದು ಗುತ್ತಲಕ್ಕೆ ದೂರವಲ್ಲದ ಹೊಸರಿತ್ತಿಯಲ್ಲಿ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು; ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಹುತಾತ್ಮರಾದರು. ಆ ದಂಪತಿಗಳ ಬಾಳಿನಲ್ಲಿ ಸುಖದ ದಿನಗಳೆಷ್ಟು, ಅಗಲಿಕೆಯ ದಿನಗಳೆಷ್ಟು ಎಂದು ಲೆಕ್ಕ ಹಾಕಿದರೆ ಸಾಮಾನ್ಯ ಅಳತೆಯಲ್ಲಿ ಅದು ನಷ್ಟದ ದಾಂಪತ್ಯ. ಆದರೆ ನನಗೆ ಹಾಗೆ ಕಾಣುವುದಿಲ್ಲ. ಇಬ್ಬರೂ ತಾಳಿದ್ದು ಒಬ್ಬರಿಗಾಗಿ ಇನ್ನೊಬ್ಬರಲ್ಲ, ಇಬ್ಬರಾಚೆಗಿನ ಒಂದಕ್ಕಾಗಿ. ಹಿಂದಿರುಗುವ ಬಸ್ಸು ಅವರಿಗೂ ಇದ್ದೇ ಇತ್ತು, ಅನೇಕರು ಹತ್ತಿದರು ಕೂಡ. ನಮ್ಮ ಮನೆಯಲ್ಲಿ ಇಬ್ಬರೂ ಕೂಡಿ ನೋಡುವಂಥ ಮೂರನೆಯದು ಏನಿತ್ತು ಎಂದು ಹುಡುಕಿದರೆ ನನಗೆ ಮನೆಸಾಲದ ಕಂತು ಮಾತ್ರ ನೆನಪಾಗುತ್ತದೆ. ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡುತ್ತಲೇ ಉಳಿದವರಿಗೆ ಒಬ್ಬರಲ್ಲೊಬ್ಬರು ಬಾಕಿಯನ್ನು ಹುಡುಕುವುದೇ ಕೆಲಸವಾಗುತ್ತದೆಯೋ ಏನೋ.

ಇನ್ನೊಂದು ಬಗೆಯ ದೂರದ ದಾರಿಯೂ ನನ್ನ ಕಣ್ಣೆದುರಿಗೇ ಇದೆ. ಭಾರತ ಹುಣ್ಣಿಮೆ ಹತ್ತಿರವಾದಾಗ ಗುತ್ತಲದ ಸುತ್ತಿನ ರಸ್ತೆಗಳು ಮೈಲಾರಕ್ಕೆ ಹೊರಟವರಿಂದ ತುಂಬುತ್ತವೆ. ಚಕ್ಕಡಿ ಕಟ್ಟಿದವರು, ಭಂಡಾರ ಬಳಿದುಕೊಂಡವರು, ಬರಿಗಾಲಿನವರು. ಹೊಳೆಯಾಚೆ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರಣಿಕಕ್ಕಾಗಿ ಲಕ್ಷಾಂತರ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಅವರ ನಡುವೆ ಸೈಕಲ್ ತಳ್ಳಿಕೊಂಡು ಹೋಗುವಾಗ ನನ್ನ ಹೊಳೆಯುವ ಹೆಲ್ಮೆಟ್ಟಿಗೂ ಕಿಸೆಯ ಉಂಡೆಗೂ ನಾಚಿಕೆಯಾದದ್ದುಂಟು. ಅಜ್ಜಿಯೊಬ್ಬಳನ್ನು, ಯಾಕೆ ನಡೆಯುತ್ತೀರಿ, ಬಸ್ಸಿದೆಯಲ್ಲ ಎಂದು ಕೇಳಿದೆ. ಮೊಮ್ಮಗನಿಗೆ ಗುಣವಾಗಿದೆ, ಹರಕೆ ಮುಟ್ಟಿಸಬೇಕು ಎಂದಳು. ಹರಕೆಯೂ ಒಂದು ಲೆಕ್ಕವೇ, ಒಪ್ಪುತ್ತೇನೆ. ಆದರೆ ಆಕೆ ನಡೆಯುತ್ತಿದ್ದುದು ಬಾಕಿ ತೀರಿಸಲು. ಪಡೆದದ್ದನ್ನು ನೆನೆದು ಹೊರಟ ಕಾಲು ಅದು. ನಾನು ವರ್ಷಗಟ್ಟಲೆ ನಡೆದದ್ದು ಕೊಟ್ಟದ್ದನ್ನು ನೆನೆದು. ಅದೇ ದೂರ, ಅದೇ ಬಿಸಿಲು. ಆಕೆಯ ಮುಖದಲ್ಲಿ ಗೆಲುವಿತ್ತು.

ನನ್ನ ಅವ್ವನಿಗೆ ಇವೆಲ್ಲ ಹೇಳಿದರೆ ಆಕೆ ಕೇಳುವುದು ಒಂದೇ: 'ಇಲ್ಲದ ದಣಿವು ಯಾಕ ತಂದ್ಕೊಂತಿ?' ಹತ್ತಿ ಬಿಡಿಸಲು ಹೋಗುವ ಹೆಂಗಸರು ಮುಂಜಾನೆ ಟಂಟಂನಲ್ಲಿ ಒತ್ತೊತ್ತಾಗಿ ನಿಂತು ಹೋಗುವುದನ್ನು ನಾನು ಸೈಕಲ್ ಮೇಲಿಂದಲೇ ನೋಡುತ್ತೇನೆ. ಅವರ ದಣಿವಿಗೆ ಕೂಲಿ ಇದೆ, ನನ್ನ ದಣಿವಿಗೆ ನಾನೇ ಶುಲ್ಕ ಕಟ್ಟುತ್ತೇನೆ. ಸಂಬಳದ ನೌಕರಿ ಇರದಿದ್ದರೆ ನನಗೆ ವಿಚ್ಛೇದನವೂ ಇಲ್ಲ, ಸೈಕಲ್ಲೂ ಇಲ್ಲ; ಹಿತ್ತಲ ಕೋಣೆಯಲ್ಲಿ ನಾನೂ ಯಾರದೋ ಮಕ್ಕಳ ತಲೆ ಬಾಚುತ್ತಿದ್ದೆ. ಆದ್ದರಿಂದ ದೂರದ ಆಟ ಹೆಣ್ಣಿನ ಬಿಡುಗಡೆಯ ದಾರಿ ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಎದ್ದು ಹೋಗುತ್ತೇನೆ. ಬಿಡುಗಡೆ ಕೊಟ್ಟದ್ದು ಪ್ರತಿ ತಿಂಗಳು ಬ್ಯಾಂಕಿಗೆ ಬೀಳುವ ಹಣ. ಸೈಕಲ್ ಕೊಟ್ಟದ್ದು ಅದಾದ ಮೇಲಿನದನ್ನು.

ಪತ್ರಿಕೆಗಳಲ್ಲಿ ಇಂಥ ಕಥೆಗಳು ಬರುತ್ತಿರುತ್ತವೆ. ಮದುವೆ ಮುರಿಯಿತು, ಆಕೆ ಓಡತೊಡಗಿದಳು, ಮ್ಯಾರಥಾನಿನ 42.195 ಕಿ.ಮೀ. ಮುಗಿಸಿದಳು, ಪದಕ ಹಿಡಿದು ನಿಂತ ಚಿತ್ರ. ಕಥೆಯೊಳಗೆ ಎಲ್ಲೋ ಒಂದು ಕಡೆ ಬಿಟ್ಟುಹೋದವನಿಗೆ ತೋರಿಸಿಕೊಡುವ ಹಟ ಇಣುಕುತ್ತದೆ. ಅದು ಹಳೆಯ ಖಾತೆಯ ಮುಂದುವರಿದ ಪುಟ. ಇನ್ನು ಕೆಲವರು ನನಗೆ ಅಕ್ಕಮಹಾದೇವಿಯ ಹೆಸರು ಹೇಳುತ್ತಾರೆ. ಕೌಶಿಕನನ್ನು ತೊರೆದು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದವಳಲ್ಲವೇ ಎನ್ನುತ್ತಾರೆ. ಹೋಲಿಕೆ ಕೇಳಿದರೆ ನನಗೆ ಮುಜುಗರ. ಅಕ್ಕ ಪಂಕ್ಚರಿನ ಸಾಮಾನು ಕಟ್ಟಿಕೊಂಡು ಹೊರಟವಳಲ್ಲ; ಸಂಜೆಗೆ ಮನೆಗೆ ಬರುವ ಉದ್ದೇಶವೂ ಆಕೆಗಿರಲಿಲ್ಲ.

ಹಾಗಾದರೆ ನನಗೆ ಸಿಕ್ಕ ಸುಖ ಯಾವುದು? ಮನಶ್ಶಾಸ್ತ್ರಜ್ಞ ರಿಚರ್ಡ್ ಲ್ಯೂಕಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜರ್ಮನಿಯಲ್ಲಿ ಹದಿನೆಂಟು ವರ್ಷ ವರ್ಷಕ್ಕೊಮ್ಮೆ ಅವೇ ಜನರನ್ನು ಕೇಳುತ್ತ ಹೋದ ಸಮೀಕ್ಷೆಯನ್ನು ಅವರು ಪರಿಶೀಲಿಸಿದರು. ವಿಚ್ಛೇದನಕ್ಕೆ ಮುಂಚಿನ ವರ್ಷಗಳಲ್ಲೇ ತೃಪ್ತಿ ಇಳಿಯುತ್ತ ಹೋಗುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ, ಆದರೆ ಸರಾಸರಿಯಲ್ಲಿ ಮೊದಲಿನ ಮಟ್ಟವನ್ನು ಪೂರ್ತಿ ಮುಟ್ಟುವುದಿಲ್ಲ. ಮೊದಲ ಸಲ ಓದಿದಾಗ ಈ ಕೊನೆಯ ಭಾಗ ನನ್ನನ್ನು ಕುಗ್ಗಿಸಿತು. ಈಗ ಕೇಳಿಕೊಳ್ಳುತ್ತೇನೆ, ಮೊದಲಿನ ಮಟ್ಟ ಎಂಬುದನ್ನು ನನ್ನ ಬಾಳಿನಲ್ಲಿ ಎಲ್ಲಿ ಗುರುತು ಹಾಕಲಿ? ಮದುವೆಗೆ ಮುಂಚಿನ ಆ ಹುಡುಗಿ ಸುಖಿಯಾಗಿದ್ದಳು, ನಿಜ. ಆಕೆಯ ಸುಖವೆಲ್ಲ ಮುಂದೆ ಯಾರೋ ಕೊಡಲಿದ್ದಾರೆ ಎಂಬ ಮುಂಗಡದ ಮೇಲೆ ನಿಂತಿತ್ತು. ಆ ಎತ್ತರಕ್ಕೆ ಮರಳುವ ಆಸೆ ನನಗಿಲ್ಲ.

ಈಗಿನದು ಕೆಳಮಟ್ಟದ್ದೇ ಇರಬಹುದು, ಆದರೆ ಅದು ಕೈಗೆ ಸಿಗುತ್ತದೆ. ನಸುಕಿನಲ್ಲಿ ಎದ್ದು, ಚಳಿಯಲ್ಲಿ ಮೂಗು ಸೋರುತ್ತ, ಗೋವಿನಜೋಳದ ಹೊಲಗಳ ನಡುವೆ ತುಳಿಯುವಾಗ ಮೊದಲ ಅರ್ಧ ತಾಸು ಕಾಲು ಬೈಯುತ್ತಿರುತ್ತದೆ. ಆಮೇಲೆ ಉಸಿರೂ ಕಾಲೂ ಒಂದು ಲಯಕ್ಕೆ ಬರುತ್ತವೆ. ಆಗ ನನ್ನೊಳಗೆ ಮಾತೇ ಇರುವುದಿಲ್ಲ. ಗುಂಡಿ ಬಂತು, ತಪ್ಪಿಸು, ನಾಯಿ ಬಂತು, ಗದರಿಸು, ನೀರು ಕುಡಿ. ಮನೆಗೆ ಬಂದು ಬಿಸಿ ರೊಟ್ಟಿಗೆ ಕೆಂಪು ಚಟ್ನಿ, ಗಟ್ಟಿ ಮೊಸರು ಹಾಕಿಕೊಂಡು ಕೂತರೆ ಮೂರನೆಯ ರೊಟ್ಟಿಯನ್ನು ಅವ್ವ ಕೇಳದೆಯೇ ಹಾಕುತ್ತಾಳೆ. ರಾತ್ರಿ ದಿಂಬಿಗೆ ತಲೆ ಇಟ್ಟದ್ದಷ್ಟೇ ಗೊತ್ತು. ಈ ದೇಹವನ್ನು ಬಹಳ ಕಾಲ ನಾನು ಇನ್ನೊಬ್ಬರು ಮೆಚ್ಚಲೆಂದೋ ಇನ್ನೊಬ್ಬರಿಗೆ ದುಡಿಯಲೆಂದೋ ಇಟ್ಟುಕೊಂಡಿದ್ದೆ. ಅದು ಗುಡ್ಡ ಹತ್ತಬಲ್ಲದು, ತಪ್ಪಾಗಿ ತಿಂದರೆ ಸಿಟ್ಟಾಗುತ್ತದೆ, ಸರಿಯಾಗಿ ನಿದ್ದೆ ಮಾಡಿದರೆ ಕೃತಜ್ಞವಾಗಿರುತ್ತದೆ ಎಂಬ ಪರಿಚಯವೇ ನನಗೆ ಹೊಸದು.

ಆದರೂ ಖಾತೆ ಬರೆಯುವ ಕೈಯನ್ನು ನಂಬುವಂತಿಲ್ಲ. ಫೋನಿನ ಆ್ಯಪಿನಲ್ಲಿ ವಾರದ ಕಿಲೋಮೀಟರುಗಳು ಜಮಾ ಆಗುತ್ತಿದ್ದಂತೆ ಹಳೆಯ ಖುಷಿಯೊಂದರ ವಾಸನೆ ಮೂಗಿಗೆ ಬಡಿಯಿತು. ಸಹೋದ್ಯೋಗಿಗಳ ಮುಂದೆ ದೂರವನ್ನು ಹೇಳುವಾಗ ದನಿಯಲ್ಲಿ ಅದೇ 'ಇಷ್ಟೆಲ್ಲ' ಇತ್ತು. ಬಿಟ್ಟೆನೆಂದುಕೊಂಡ ಚಟ ಬೇರೆ ಅಂಗಡಿಯಲ್ಲಿ ಉದ್ರಿ ತೆರೆದಿತ್ತು. ಆ್ಯಪನ್ನು ತೆಗೆದುಹಾಕಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ತೆಗೆದಿಲ್ಲ. ಅಂಕೆಗಳು ನನ್ನ ಕಸುಬು. ನೋಡುತ್ತೇನೆ, ನೋಡಿ ಯಾರಿಗೆ ತೋರಿಸಲು ಮನಸ್ಸಾಗುತ್ತಿದೆ ಎಂದು ಗಮನಿಸುತ್ತೇನೆ.

ಇಷ್ಟರ ನಡುವೆ ಅವ್ವ ಸುಮ್ಮನಿಲ್ಲ. ರಾಣೆಬೆನ್ನೂರಿನ ಕಡೆಯದೊಂದು ಸಂಬಂಧ ಬಂದಿದೆ, ಅವರದೂ ಎರಡನೆಯದೇ. ನಾನು ಬೇಡವೆಂದಿಲ್ಲ. ಖಾತೆ ತೆರೆಯದೆ ಇನ್ನೊಬ್ಬರ ಜೊತೆ ಬಾಳಲು ನನಗೆ ಬಂದೀತೇ ಎಂಬುದು ಒಬ್ಬಳೇ ಸೈಕಲ್ ತುಳಿದು ತಿಳಿಯುವ ಸಂಗತಿಯಲ್ಲ. ದಾರಿಯಲ್ಲಿ ಲೆಕ್ಕ ಬಿಡುವುದು ಸುಲಭ, ಅಲ್ಲಿ ಎದುರಿಗೆ ಯಾರೂ ಇಲ್ಲ. ಒಂದೇ ಒಲೆ, ಒಂದೇ ಬಾಡಿಗೆ, ಇಬ್ಬರ ತಾಯಂದಿರ ಕಾಯಿಲೆ ಇರುವಲ್ಲಿ ಬಿಡಬೇಕು. ಅಲ್ಲಿ ಹಸಿವಾಗುವ ಮುಂಚೆ ಹಸಿವನ್ನು ಹೇಳಲು ನನ್ನ ನಾಲಿಗೆ ಏಳುತ್ತದೆಯೋ, ಹಳೆಯ ಮೌನಕ್ಕೇ ಜಾರುತ್ತದೆಯೋ ನೋಡಬೇಕು. ಆತ ಫೋನಿನಲ್ಲಿ ಮಾತಾಡುತ್ತ, ಈ ಸೈಕಲ್ಲಿನ ಹವ್ಯಾಸ ಮುಂದೆಯೂ ಇರುತ್ತದೆಯೇ ಎಂದು ಕೇಳಿದರು. ಇರುತ್ತದೆ ಎಂದೆ. ಒಳ್ಳೆಯದು, ಬರುವ ಭಾನುವಾರ ಗುತ್ತಲಕ್ಕೆ ಬರಲೇ ಎಂದರು. ಆ ಶನಿವಾರ ಸಂಜೆ ನನಗೆ 300ರ ಸವಾರಿ ಹೊರಡುವುದಿತ್ತು, ಭಾನುವಾರ ಮಧ್ಯಾಹ್ನದವರೆಗೆ ಸಮಯ. ಮೊದಲಿನ ನಾನಾಗಿದ್ದರೆ ಸವಾರಿ ಬಿಟ್ಟು, ಬಿಟ್ಟದ್ದನ್ನು ಹೇಳದೆ, ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಆ ದಿನ ನನಗೆ ಬಿಡುವಿಲ್ಲ, ಅದರ ಮುಂದಿನ ಭಾನುವಾರ ಬನ್ನಿ, ಊಟಕ್ಕೇ ಬನ್ನಿ ಎಂದು ಹೇಳಿ ಫೋನ್ ಇಟ್ಟೆ. ಅವ್ವ ಅಡುಗೆಮನೆಯಿಂದಲೇ ಏನೆಂದರು ಎಂದು ಕೂಗಿ ಕೇಳಿದಳು. ಹ್ಞೂಂ ಅಂದ್ರು ಎಂದೆ.